ರಾಮಾಂಜಿಯ ಕಿವಿಗೆ ನಾನು ಹೊರಿಸಿದ ದೋಷ

ರಾಮಾಂಜಿಯ ಕಿವಿಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಅವನ ಕೀಬೋರ್ಡಿನಲ್ಲಿತ್ತು. ಅದನ್ನು ಅಲ್ಲಿ ಬೆಸುಗೆ ಹಾಕಿ ಕೂರಿಸಿದವನು ನಾನು — ಗೊತ್ತಿದ್ದೂ. ಎಂಟು ವರ್ಷ ಬಾಯಿ ಬಿಡಲಿಲ್ಲ.

ಗೌರಿಬಿದನೂರಿನಲ್ಲಿ ನನ್ನದು ರಿಪೇರಿ ಅಂಗಡಿ. ಆಂಪ್ಲಿಫೈಯರ್, ಕೀಬೋರ್ಡ್, ಮೈಕ್ ಸೆಟ್ಟು — ನನ್ನ ಕೈ ತಾಗಿದ್ದು ಎರಡನೇ ಸಲ ವಾಪಸು ಬರುವುದಿಲ್ಲ ಎಂದು ಜನ ಹೇಳುತ್ತಿದ್ದರು. ನಾನೂ ಅದನ್ನೇ ಕೊಚ್ಚಿಕೊಳ್ಳುತ್ತಿದ್ದೆ. ರಾಮಾಂಜಿ ಮಂಡಿಕಲ್ ಕಡೆಯ ಹುಡುಗ, ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಎಂಥ ಕೈ ಅವನದು! ಊಟಕ್ಕೆ ಎದ್ದವರು ನಿಂತು ಕೇಳುತ್ತಿದ್ದರು.

ಒಮ್ಮೆ ಅವನ ಕೀಬೋರ್ಡ್ ಮೂಕಾಯಿತು. ಅದರೊಳಗೆ ಸ್ವರವೆಲ್ಲ ಬರೀ ಅಂಕಿಗಳಾಗಿ ಇರುತ್ತದೆ. ಆ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ವಿದ್ಯುತ್ತಿನ ಏರಿಳಿತವಾಗಿ ಬದಲಾಯಿಸುವ ಚಿಪ್ಪಿಗೆ ನಾವು ಡ್ಯಾಕ್ ಎನ್ನುತ್ತೇವೆ, ಹೋಗಿದ್ದು ಅದೇ. ಎರಡು ದಿನದಲ್ಲಿ ಕೊಡುತ್ತೇನೆ ಎಂದೆ. ಬೆಂಗಳೂರಿನಿಂದ ಹೊಸ ಚಿಪ್ ತಂದು, ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಒರೆಸಿದೆ — ಅಸಲಿಯೋ ನಕಲಿಯೋ ನೋಡಲು ನಾನು ಯಾವಾಗಲೂ ಹಾಗೆ ಮಾಡುತ್ತೇನೆ. ಮೇಲಿನ ಅಕ್ಷರ ಹತ್ತಿಗೆ ಬಂದುಬಿಟ್ಟಿತು, ಅಡಿಯಲ್ಲಿ ಹಳೆಯ ಹೆಸರನ್ನು ಉಜ್ಜಿದ ಗುರುತು. ಅಗ್ಗದ ಮಾಲಿಗೆ ಒಳ್ಳೆಯದರ ಹೆಸರು ಒತ್ತಿದ್ದರು. ಅಸಲಿ ತರಿಸಲು ಇನ್ನೊಂದು ವಾರ ಬೇಕು ಎಂದು ಹೇಳಬೇಕಿತ್ತು. ನನ್ನ ಜಂಬ ಬಿಡಲಿಲ್ಲ. ಮದುವೆ ಮನೆಯ ಗದ್ದಲದಲ್ಲಿ ಯಾರಿಗೆ ತಿಳಿಯುತ್ತದೆ ಎಂದುಕೊಂಡು ಅದನ್ನೇ ಹಾಕಿ ಕೊಟ್ಟೆ.

ಅವನಿಗೆ ತಿಳಿಯಿತು. ಮೂರೇ ದಿನಕ್ಕೆ ಬಂದ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು.

"ಅಣ್ಣಾ, ಮೆಲ್ಲಗೆ ನುಡಿಸಿದ್ರೆ ಸ್ವರ ಗರಗರ ಅಂತೈತೆ. ಅನ್ನದಾಗೆ ಕಲ್ಲು ಸಿಕ್ಕಂಗೆ."

ಆ ನಾಲ್ವರ ಮುಖ ನೋಡಿದೆ. ಆಮೇಲೆ ಹೇಳಿದೆ — ಪಾಪಿ ನಾನು, ಹೇಳಿಯೇಬಿಟ್ಟೆ:

"ಮಿಷಿನ್ ಸರಿಯಾಗೈತೆ ಕಣೋ. ನಿಮ್ಮಪ್ಪನಂಗೆ ನಿನ್ನ ಕಿವೀನೇ ಹೋಗ್ತಾ ಇರ್ಬೇಕು."

ಅವರಪ್ಪನಿಗೆ ನಲವತ್ತಕ್ಕೇ ಕಿವಿ ಪೂರ್ತಿ ಹೋಗಿತ್ತು. ಅದು ಗೊತ್ತಿದ್ದೇ ಆ ಮಾತು ಆರಿಸಿಕೊಂಡೆ. ಎಲ್ಲಿ ಹೊಡೆದರೆ ಎದುರು ಮಾತು ಬರುವುದಿಲ್ಲವೋ ಅಲ್ಲಿಗೇ ಹೊಡೆದೆ.

ಡಾಕ್ಟರ ಬಳಿ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಬೇರೆಯವರ ಕೀಬೋರ್ಡ್ ಮುಟ್ಟಿದರೂ ಅನುಮಾನ — ಕೇಳಿಸುತ್ತಿರುವುದು ಸರಿಯೋ ತಪ್ಪೋ. ಆರ್ಕೆಸ್ಟ್ರಾ ಬಿಟ್ಟ, ಕೀಬೋರ್ಡ್ ಮಾರಿದ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದ. ಸಿಕ್ಕಾಗಲೆಲ್ಲ, "ನೀನೊಬ್ಬ ಬಾಯಿಬಿಟ್ಟು ನಿಜ ಹೇಳ್ದೆ ಅಣ್ಣ" ಎನ್ನುತ್ತಿದ್ದ. ಥೂ, ಆ ಮಾತಿಗೂ ನಾನು ತಲೆಯಾಡಿಸುತ್ತಿದ್ದೆ.

ಹೋದ ತಿಂಗಳು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದ. ಹುಡುಗಿಗೆ ಸಂಗೀತ ಕಲಿಯುವ ಹಟ.

"ನಮ್ಮ ವಂಶದ ಕಿವಿ ನಂಬೋ ಹಂಗಿಲ್ಲ ಅಂತ ನೀನಾದ್ರೂ ಹೇಳಣ್ಣ. ನನ್ನ ಮಾತು ಕೇಳಲ್ಲ ಇವ್ಳು."

ಒಬ್ಬನ ಸಂಗೀತ ಮುಗಿಸಿದ್ದು ಸಾಲದೇ, ಇವಳದೂ — ಇಲ್ಲ, ಆ ಸುಳ್ಳನ್ನು ಮತ್ತೆ ಹೇಳಲು ನಾಲಿಗೆ ಏಳಲಿಲ್ಲ. ಚಿಪ್ಪಿನ ವಿಷಯ, ಹತ್ತಿಗೆ ಬಂದ ಅಕ್ಷರ, ನನ್ನ ಸುಳ್ಳು, ಎಲ್ಲ ಹೇಳಿದೆ, ಹುಡುಗಿಯ ಮುಂದೆಯೇ. ಕ್ಷಮಿಸು ಎನ್ನಲಿಲ್ಲ; ಕೇಳುವ ಮುಖ ನನಗಿರಲಿಲ್ಲ.

ಅವನು ಬೈಯಲಿಲ್ಲ. ಒಂದೇ ಮಾತು ಕೇಳಿದ.

"ಹಂಗಾದ್ರೆ ಆವತ್ತು ನಂಗೆ ಕೇಳಿಸಿದ್ದು ನಿಜಾನಾ?"

"ನಿಜ ಕಣೋ."

ಅವನು ಮಗಳ ಕಡೆ ತಿರುಗಿದ. "ಕೇಳಿಸ್ಕೊಂಡ್ಯೇನಮ್ಮಾ? ನಡಿ, ಕ್ಲಾಸಿಗೆ ಹೆಸ್ರು ಬರ್ಸಣ."

"ಬರ್ತೀನಣ್ಣ" ಎನ್ನದೆ ಅವನು ಎಂದೂ ನನ್ನ ಅಂಗಡಿಯ ಮೆಟ್ಟಿಲು ಇಳಿದವನಲ್ಲ. ಆವತ್ತು ಇಳಿದ.