ಜ್ವರ ಎಂಬ ಬಟನ್ನು

ನಾನು ವಿಡಿಯೋ ಗೇಮ್ ಆಡುತ್ತೇನೆ. ಈ ಬರಹದ ಕೊನೆಗೆ ಇವಳಿಗೆ ಬುದ್ಧಿ ಬಂದು ಆಟ ಬಿಡುತ್ತಾಳೆ ಎಂದು ಕಾಯುವವರು ಇಲ್ಲಿಂದಲೇ ಎದ್ದು ಹೋಗಬಹುದು. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ತಪ್ಪು ಎಲ್ಲಿತ್ತೋ ಅಲ್ಲಿಗೆ ಬೆರಳಿಡುತ್ತೇನೆ. ಇಲ್ಲದ ತಪ್ಪನ್ನು ಆಟದ ತಲೆಗೆ ಕಟ್ಟಲು ಮಾತ್ರ ಬಿಡುವುದಿಲ್ಲ.

ನಮ್ಮ ಮನೆ ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ಒಂದು ಊರಿನಲ್ಲಿದೆ. ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ರೇಷ್ಮೆಹುಳು ಸಾಕುವ ಉದ್ದನೆಯ ಶೀಟಿನ ಕಟ್ಟಡ. ಅದು ಹುಳುಮನೆ. ಅದರ ಯಜಮಾನಿ ಅಮ್ಮ. ಅಪ್ಪ ತೋಟ ನೋಡಿಕೊಳ್ಳುತ್ತಾರೆ, ಸೊಪ್ಪು ತಂದು ಹಾಕುತ್ತಾರೆ. ಹುಳುವಿನ ವಿಷಯದಲ್ಲಿ ಬಾಯಿ ತೆರೆಯುವುದಿಲ್ಲ. ನನ್ನ ಗೇಮಿನ ಕನ್ಸೋಲು ಇರುವುದು ವಾಸದ ಮನೆಯ ಹಿಂದಿನ ಕೋಣೆಯಲ್ಲಿ, ಹಳೆಯ ಟಿವಿಯ ಪಕ್ಕ. ನಮ್ಮ ಜೊತೆಯಲ್ಲೇ ಇರುವ ಚಿಕ್ಕಪ್ಪ ಅದನ್ನು ಡಬ್ಬ ಎನ್ನುತ್ತಾರೆ. "ಡಬ್ಬದ ಮುಂದೆ ಕೂತಿದಾಳೆ" ಎಂದರೆ ನಾನು ಮನೆಯಲ್ಲಿದ್ದೇನೆ ಎಂದು ಅರ್ಥ.

ಚಿಕ್ಕಪ್ಪನಿಗೆ ಚಿಕ್ಕಬಳ್ಳಾಪುರದಲ್ಲಿ ಆಫೀಸು ಕೆಲಸ. ಗೇಮು ಕಂಡರಾಗದ ಈ ಮನುಷ್ಯನಿಗೆ ಗ್ಯಾಜೆಟ್ಟೆಂದರೆ ಪ್ರಾಣ. ತನ್ನಷ್ಟಕ್ಕೆ ತಾನೇ ಕಸ ಗುಡಿಸುವ ಒಂದು ದುಂಡನೆಯ ಯಂತ್ರ ತಂದರು. ಅದು ಮೊದಲ ದಿನವೇ ನಡುಮನೆಯಲ್ಲಿ ಒಣಹಾಕಿದ್ದ ಹುಣಸೆಹಣ್ಣಿನ ರಾಶಿಗೆ ನುಗ್ಗಿ, ಅಂಟಿಕೊಂಡು, ಸಹಾಯಕ್ಕಾಗಿ ಇಂಗ್ಲಿಷಿನಲ್ಲಿ ಕೂಗಿತು. ಆಮೇಲೆ ಮಾತು ಕೇಳುವ ಬಲ್ಬು ಬಂತು. ನಮ್ಮಲ್ಲಿ ದೀಪ ಆರಿಸು ಎನ್ನುವುದಿಲ್ಲ, ಅದು ಕೆಟ್ಟ ಮಾತು. ದೀಪ ದೊಡ್ಡದು ಮಾಡು ಎನ್ನುತ್ತಾರೆ. ಅಮ್ಮ ಬಲ್ಬಿಗೂ ಅದೇ ಮರ್ಯಾದೆ ಕೊಟ್ಟು "ದೊಡ್ಡದು ಮಾಡಪ್ಪ" ಎಂದರೆ ಅದು ಕಣ್ಣು ಕುಕ್ಕುವಂತೆ ಉರಿಯತೊಡಗಿತು. ಇನ್ನೊಂದು ಸಲ ಹೇಳಿದರು. ಅದರ ಕೈಲಾದಷ್ಟೂ ಆಗಲೇ ಉರಿಯುತ್ತಿತ್ತು, ಪಾಪ.

ಗೇಮುಗಳನ್ನೂ ನಾನು ಕಣ್ಣುಮುಚ್ಚಿ ಹೊಗಳುವವಳಲ್ಲ. ಈಚಿನವು ಬಹಳಷ್ಟು ಸಂತೆಯಲ್ಲಿ ಗಿರಾಕಿಯ ತೋಳು ಹಿಡಿದೆಳೆಯುವ ವ್ಯಾಪಾರಿಗಳಂತಾಗಿವೆ. ದಿನಾ ಬಂದು ಹಾಜರಿ ಹಾಕಿದರೆ ಬಹುಮಾನ, ಬರದಿದ್ದರೆ ಮುನಿಸು. ದೊಡ್ಡ ಪ್ರಪಂಚ ಕೊಟ್ಟಿದ್ದೇವೆ ಎನ್ನುತ್ತಾರೆ; ಹೋಗಿ ನೋಡಿದರೆ ಪೆರೇಸಂದ್ರ ದಾಟಿದ ಮೇಲಿನ ಹೆದ್ದಾರಿಯಂತೆ ದಾರಿಯೇ ದಾರಿ, ಮಾತನಾಡಿಸಲು ಒಂದು ಜನವಿಲ್ಲ. ಆಡೋಣವೆಂದು ಕೂತರೆ ಅಪ್ಡೇಟು; ನಮ್ಮೂರಿನ ನೆಟ್‌ವರ್ಕಿನಲ್ಲಿ ಅದು ಇಳಿಯುವಷ್ಟರಲ್ಲಿ ಒಂದು ಮುದ್ದೆ ಕಟ್ಟಿ, ಉಂಡು, ತಟ್ಟೆ ತೊಳೆದು ಬರಬಹುದು. ಬೇಸಾಯದ ಆಟವೊಂದಿದೆ, ಅದರಲ್ಲಿ ಬೀಜ ಹಾಕಿ ಮೂರು ಸಲ ಮಲಗಿ ಎದ್ದರೆ ಬೆಳೆ ಕೈಗೆ. ತ್ರೀಫೇಸ್ ಕರೆಂಟು ಯಾವಾಗ ಕೊಡುತ್ತಾರೆ ಎಂದು ಮೋಟಾರಿನ ಪಕ್ಕ ಕಾಯುವ ಗೋಳಿಲ್ಲ. ಅಪ್ಪ ಅದನ್ನು ಹತ್ತು ನಿಮಿಷ ನೋಡಿ, "ಇವ್ರು ತೋಟಕ್ಕೆ ಯಾವತ್ತೂ ಹೋಗಿಲ್ಲ ಅನ್ಸುತ್ತೆ" ಎಂದು ಎದ್ದು ಹೋದರು. ಅಷ್ಟು ಒಳ್ಳೆಯ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಆದರೂ ಗೇಮಿಗೆ ಒಂದು ನಿಯತ್ತಿದೆ. ಇದು ಆಟ ಎಂದು ಹೇಳಿಯೇ ಆಡಿಸುತ್ತದೆ. ಗ್ಯಾಜೆಟ್ಟು ಅದೇ ಅಂಕ, ಅದೇ ಹಸಿರು ಗುರುತು, ಅದೇ ಶಹಬ್ಬಾಸ್‌ಗಿರಿ ಇಟ್ಟುಕೊಂಡು ತಾನು ಸಂಸಾರಸ್ಥನೆಂಬಂತೆ ಮನೆಯೊಳಗೆ ಬರುತ್ತದೆ. ಇದನ್ನು ಚಿಕ್ಕಪ್ಪನ ಮುಂದೆ ಹೇಳಿದಾಗಲೆಲ್ಲ ಅವರು ಕೈಮುಗಿದು "ಮಾನ್ಯ ಅಧ್ಯಕ್ಷರೇ" ಎನ್ನುತ್ತಾರೆ. ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಗೌರಿಬಿದನೂರು, ಚಿಂತಾಮಣಿ ಎಂದು ಸುತ್ತಿ ಕಪ್ಪು ತಂದವಳಿಗೆ ಮನೆಯಲ್ಲಿ ಸಿಗುವ ಗೌರವ ಇಷ್ಟೇ.

ಕಳೆದ ಬೆಳೆಗೆ ಮುಂಚೆ ಚಿಕ್ಕಪ್ಪ ಹುಳುಮನೆಗೇ ಒಂದು ಯಂತ್ರ ತಂದರು. ಗೋಡೆಗೆ ತೂಗುಹಾಕುವ ಬಿಳಿ ಡಬ್ಬಿ ಒಳಗಿನ ಬಿಸಿ, ತೇವ ಎಷ್ಟೆಂದು ಅಳೆಯುತ್ತದೆ; ಮೂಲೆಯ ಇನ್ನೊಂದು ಯಂತ್ರ ಬೇಕಾದಾಗ ಮಂಜಿನಂತೆ ನೀರು ಊದುತ್ತದೆ. ಎಲ್ಲವೂ ಫೋನಿನಿಂದ, ಅದೂ ಕನ್ನಡದಲ್ಲಿ. ಜೋಡಿಸಿ ಕೊಟ್ಟವಳು ನಾನೇ. ಮೆನುಗಳ ನಡುವೆ ಹುಟ್ಟಿ ಬೆಳೆದವಳ ಗತ್ತಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿ ಕೈ ಕೊಡವಿದೆ.

ಅಮ್ಮ ಬೇಡವೆನ್ನಲಿಲ್ಲ. "ನನ್ ಬೆಳೆ ಕೆಡಿಸ್ಬೇಡಿ ಅಷ್ಟೆ" ಎಂದರು. ಆ ಮಾತಿನ ತೂಕ ಹೇಳಬೇಕು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅಮ್ಮನ ಗೂಡು ಎಂದರೆ ಒಂದೇ ಅಚ್ಚಿನಲ್ಲಿ ತೆಗೆದಂತೆ, ಎಲ್ಲ ಒಂದೇ ಗಾತ್ರ. ನೂಲು ತೆಗೆಯುವ ರೀಲರುಗಳು ದೂರದಿಂದಲೇ ಗುರುತು ಹಿಡಿಯುತ್ತಾರೆ. ಅಮ್ಮನಿಗೆ ಕಪ್ಪು, ಸರ್ಟಿಫಿಕೇಟು ಯಾವುದೂ ಇಲ್ಲ. ಇರುವುದು ಆ ಹೆಸರು ಒಂದೇ.

ಈಗ ಒಂದು ಪದದ ವಿಷಯ. ರೇಷ್ಮೆಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಕಳಚುತ್ತದೆ. ಒಂದೊಂದು ಸಲವೂ ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನಕ್ಕಿಂತ ಹೆಚ್ಚು ಹೊತ್ತು ಅಲುಗಾಡದೆ ಕೂರುತ್ತದೆ. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಿತು, ಜ್ವರ ಎದ್ದಿತು. ಕಾಯಿಲೆಯಲ್ಲ, ಬೆಳೆಯುವ ರೀತಿ ಅದು. ಆಟದಲ್ಲಿ ಅಲ್ಲಿಯವರೆಗೆ ಆಡಿದ್ದನ್ನು ಉಳಿಸುವಾಗ ತೆರೆಯ ಮೂಲೆಯಲ್ಲಿ ಚಕ್ರವೊಂದು ತಿರುಗುತ್ತದಲ್ಲ, ಆಗ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಹಾಗೆ. ಆ ಹೊತ್ತಿನಲ್ಲಿ ಹುಳುವಿನ ಹಾಸಿಗೆ ಒಣಗಿರಬೇಕು, ಗಾಳಿಯಾಡಬೇಕು. ತೇವ ತಗಲಿದರೆ ಕೆಲವು ಮೊದಲೇ ಎದ್ದು ಹಸಿಯುತ್ತವೆ, ಕೆಲವು ಏಳಲಾರದೆ ಹಿಂದುಳಿಯುತ್ತವೆ, ಒಂದಷ್ಟು ಏಳುವುದೇ ಇಲ್ಲ.

ಜ್ವರದ ದಿನ ಸೊಪ್ಪು ಹಾಕುವ ಕೆಲಸವಿಲ್ಲದ್ದರಿಂದ ಮನೆಯವರಿಗೆ ಅದೇ ರಜೆ. ಮದುವೆ, ನಾಮಕರಣ, ಹಲ್ಲುನೋವು ಎಲ್ಲ ಅವತ್ತಿಗೇ. ನಾಲ್ಕನೆಯ ಜ್ವರಕ್ಕೆ ಹುಳು ಕೂತ ಬೆಳಿಗ್ಗೆ ಅಮ್ಮ ಅಪ್ಪ ಕೈವಾರಕ್ಕೆ ಹೊರಟರು. ಬಸ್ಸಿಗೆ ಓಡುತ್ತಾ ಅಮ್ಮ ಹೇಳಿದ್ದು ಇಷ್ಟು: "ಹುಳ ಜ್ವರಕ್ಕೆ ಕೂತವೆ ಕಣೇ. ಆ ಮಿಷನ್‌ಗೆ ಹೇಳ್ಬಿಡು, ಸುಮ್ನಿರ್ಲಿ."

ನಾನು ಫೋನು ತೆಗೆದೆ. "ಇಂದಿನ ಸ್ಥಿತಿ" ಎಂಬ ಕಡೆ ನಾಲ್ಕು ಬಟನ್ನು: ಆರೋಗ್ಯ, ಜ್ವರ, ಗಾಯ, ಸಾವು. ಜ್ವರ ಒತ್ತಿದೆ. ಹಸಿರು ಗುರುತು ಬಂತು. ನಮ್ಮ ಮಾತು ಗೊತ್ತಿರುವವರು ಯಾರೋ ಮಾಡಿದ್ದಾರೆ ಎಂದು ಹೆಮ್ಮೆಯೂ ಆಯಿತು. ಕೋಣೆಗೆ ಹೋಗಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಆಡಲು ಕೂತೆ.

ಆ ಆ್ಯಪು ಹಸು, ಕುರಿ, ಕೋಳಿ, ಹುಳು ಎಲ್ಲಕ್ಕೂ ಒಂದೇ. ಅದರ ಲೆಕ್ಕದಲ್ಲಿ ಜ್ವರವೆಂದರೆ ಮೈ ಸುಡುವ ಜ್ವರ. ಹಸುವಿಗೆ ಬಂದರೂ ಅದೇ, ಹುಳುವಿಗೆ ಬಂದರೂ ಅದೇ. ಜ್ವರಕ್ಕೆ ಮದ್ದು ತಂಪು. ಹುಳುಮನೆಯ ಮೂಲೆಯ ಯಂತ್ರ ಬೆಳಿಗ್ಗೆಯೇ ಮಂಜು ಊದಲು ಶುರು ಮಾಡಿತು.

ಮಧ್ಯಾಹ್ನ ಮೂರೂವರೆಗೆ ಅಮ್ಮ ಬಂದರು. ಕೈವಾರದ ಪ್ರಸಾದದ ಪೊಟ್ಟಣವನ್ನೂ ಕೆಳಗಿಡದೆ ನೇರವಾಗಿ ಹುಳುಮನೆಯ ಬಾಗಿಲು ತೆಗೆದರು. ಅವರು ಕೂಗಲಿಲ್ಲ. ಅಪ್ಪನೇ ಬಂದು ನನ್ನ ಹೆಡ್‌ಫೋನು ತೆಗೆದು, "ಬಾಮ್ಮ" ಎಂದರು. ಒಳಗೆ ಕಾಲಿಟ್ಟರೆ ಸ್ನಾನದ ಮನೆಗೆ ಹೋದಂತಿತ್ತು. ಹಳೆಯ ಸೊಪ್ಪಿನ ಮೇಲೆ ನೀರು ಹನಿಗಟ್ಟಿತ್ತು. ಹುಳುಗಳು ತಲೆ ಎತ್ತಿಕೊಂಡು ನೆನೆಯುತ್ತಾ ಕೂತಿದ್ದವು. ಯಂತ್ರದ ಪ್ಲಗ್ಗನ್ನು ಅಮ್ಮ ಆಗಲೇ ಕಿತ್ತುಹಾಕಿದ್ದರು. ನಾನು ಫೋನು ನೋಡಿದೆ. "ಶುದ್ಧ ನೀರು ಕುಡಿಸಿ. ಸಮೀಪದ ಪಶುವೈದ್ಯರನ್ನು ಕಾಣಿ" ಎಂದು ಬರೆದಿತ್ತು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಅಪ್ಪ ಫೋನು ಮಾಡಿದ್ದಕ್ಕೆ ಚಿಕ್ಕಪ್ಪ ಆಫೀಸಿನಿಂದ ಬೇಗ ಬಂದರು. ಹೆಲ್ಮೆಟ್ಟು ಕೈಯಲ್ಲೇ ಇತ್ತು, ತೀರ್ಪು ಬಾಯಲ್ಲೇ ಇತ್ತು.

"ನಾನು ಅವಾಗ್ಲೇ ಹೇಳ್ದೆ ಅತ್ತಿಗೆ. ಇವ್ಳು ಡಬ್ಬದ ಮುಂದೆ ಕೂತ್ರೆ ಮನೆಗ್ ಬೆಂಕಿ ಬಿದ್ರೂ ಗೊತ್ತಾಗಲ್ಲ. ಮೊದ್ಲು ಅದನ್ನ ಮಾರಾಕಿ."

"ನಾನು ಆ ಹೊತ್ತಲ್ಲಿ ಪರೀಕ್ಷೆಗೆ ಓದ್ತಾ ಕೂತಿದ್ರೆ ಪುಸ್ತಕ ಮಾರ್ತಿದ್ರಾ ಚಿಕ್ಕಪ್ಪ?"

"ಓದೋದೂ ಇದೂ ಒಂದೇನಮ್ಮ?"

"ಬಾಗಿಲು ಹಾಕ್ಕೊಂಡು ಕೂತಿದ್ದು ತಪ್ಪು ಅಂದ್ರೆ ಎರಡೂ ಒಂದೇ. ಆಟ ಆಡಿದ್ದೇ ತಪ್ಪು ಅಂದ್ರೆ, ನೀರು ಊದಿದ್ದು ಆಟ ಅಲ್ಲ, ನೀವು ತಂದ ಮಿಷನ್ನು. ಮಾರೋದಾದ್ರೆ ಅದನ್ನ ಮೊದ್ಲು ಮಾರಿ."

"ಒತ್ತಿದ್ದು ಯಾರು?"

"ನಾನೇ. ಜ್ವರ ಅಂತ ಬರ್ದಿತ್ತು, ಜ್ವರ ಒತ್ದೆ. ನೀವೇ ಇದ್ದಿದ್ರೆ ಯಾವ್ದು ಒತ್ತಿರ್ತಿದ್ರಿ? ಗಾಯಾನಾ?"

ಚಿಕ್ಕಪ್ಪ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು. ಸ್ಪರ್ಧೆಯಾಗಿದ್ದರೆ ಗಂಟೆ ಹೊಡೆಯುತ್ತಿತ್ತು, ಕಪ್ಪು ನನ್ನದಾಗುತ್ತಿತ್ತು. ಅಷ್ಟರಲ್ಲಿ ಅಮ್ಮ, ನನ್ನ ಕಡೆ ತಿರುಗದೆ, ಬಾಗಿ ಹುಳು ನೋಡುತ್ತಲೇ ಕೇಳಿದರು:

"ಒಂದ್ ಸಲ ಬಂದು ನೋಡಿದ್ಯಾ?"

ಜಾತಕ ನಂಬದವಳು ನಾನು. ವಾಸ್ತು ಹೇಳುವವನು ಮನೆಗೆ ಬಂದಾಗ ಅವನ ಬಾಯಿಯಿಂದಲೇ ಎರಡು ಸುಳ್ಳು ಹೊರಡಿಸಿ ಕಳಿಸಿದವಳು. ಅಂಥವಳು ಒಂದು ಹಸಿರು ಗುರುತನ್ನು ನೋಡಿ, ಹತ್ತು ಹೆಜ್ಜೆ ನಡೆದು ಹುಳುಮನೆಯ ಬಾಗಿಲು ತಳ್ಳಿ ನೋಡುವ ಅನುಮಾನವನ್ನೂ ಪಡಲಿಲ್ಲ. ನನ್ನ ತಪ್ಪು ಅದು. ಆಟದ್ದಲ್ಲ, ಯಂತ್ರದ್ದೂ ಅಷ್ಟಾಗಿ ಅಲ್ಲ. ಯಾವ ಆಟದಲ್ಲೂ ಕತ್ತಲ ಕೋಣೆಯೊಂದನ್ನು ಇಣುಕಿ ನೋಡದೆ ಮುಂದೆ ಹೋದವಳಲ್ಲ ನಾನು; ಮನೆಯಲ್ಲಿ ಹೋದೆ.

"ಇಲ್ಲಮ್ಮ" ಎಂದೆ.

"ಹೂಂ. ಡಬ್ಬಾನೂ ಇರ್ಲಿ, ಮಿಷನ್ನೂ ಇರ್ಲಿ. ಮಾತು ಸಾಕು. ಸುಣ್ಣದ ಪುಡಿ ತಗೊಂಡ್ ಬಾ."

ಕಿಟಕಿಗಳನ್ನೆಲ್ಲ ತೆಗೆದೆವು. ಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಹಾಸಿಗೆಯ ಮೇಲೆ ತಟ್ಟುತ್ತಾ ಹೋಗಬೇಕು, ಹುಳುವಿಗೆ ಭಾರವಾಗದಂತೆ, ತೇವ ಮಾತ್ರ ಹೀರುವಂತೆ. ನಾನು ತಟ್ಟಿದ್ದು ಒಂದು ಕಡೆ ಗುಡ್ಡೆ, ಒಂದು ಕಡೆ ಬಯಲು. ಅಮ್ಮ ನನ್ನ ಮಣಿಕಟ್ಟು ಹಿಡಿದು ಎರಡು ಸಲ ತಟ್ಟಿಸಿ ಬಿಟ್ಟರು. ಚಿಕ್ಕಪ್ಪ ಪ್ಯಾಂಟು ಮಡಚಿಕೊಂಡು ಆ ಕಡೆಯ ಸಾಲಿಗೆ ನಿಂತರು. ಅವರು ತಟ್ಟಿದ್ದು ನನಗಿಂತ ಹದವಾಗಿತ್ತು. ಒಪ್ಪಿಕೊಳ್ಳುತ್ತೇನೆ.

ಮಾರನೆಯ ದಿನ ಹುಳು ಎದ್ದವು, ಆದರೆ ಒಟ್ಟಿಗೆ ಏಳಲಿಲ್ಲ. ಒಂದು ಪಾಲು ಬೆಳಿಗ್ಗೆ, ಒಂದು ಪಾಲು ಸಂಜೆ. ಸತ್ತವನ್ನು ಅಮ್ಮ ಆರಿಸಿ ತೆಗೆದರು, ಎಷ್ಟೆಂದು ಹೇಳಲಿಲ್ಲ. ಎರಡು ಪಾಲನ್ನೂ ಬೇರೆ ಬೇರೆ ಹಾಸಿಗೆ ಮಾಡಿ, ಎರಡಕ್ಕೂ ಬೇರೆ ಬೇರೆ ಹೊತ್ತಿಗೆ ಸೊಪ್ಪು. ಕೊನೆಯವರೆಗೂ ಹಿಂದುಳಿದ ಪಾಲಿನ ಪಾಳಿ ನನ್ನದು. ಆ ವಾರ ಆಟವನ್ನೂ ಆಡಿದೆ, ಸೊಪ್ಪಿಗೂ ಸೊಪ್ಪಿಗೂ ನಡುವೆ, ಹೆಡ್‌ಫೋನಿಲ್ಲದೆ. ಚಿಕ್ಕಪ್ಪ ಒಮ್ಮೆ ಬಾಗಿಲಲ್ಲಿ ನಿಂತು ನೋಡಿ ಹೋದರು. ಆ್ಯಪಿನವರಿಗೆ ಜ್ವರ ಎಂದರೇನೆಂದು ಎರಡು ಪುಟ ಬರೆದು ಕಳಿಸಿದೆ. ನಿಮ್ಮ ಅನಿಸಿಕೆಗೆ ಧನ್ಯವಾದ ಎಂದು ಬಂತು. ಅನಿಸಿಕೆಯಂತೆ.

ಗೂಡು ಬಿಡಿಸಿದಾಗ ಯಾರಿಗೂ ಹೇಳಬೇಕಾಗಿರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು: ಅರ್ಧ ಎಂದಿನ ಗಾತ್ರ, ಅರ್ಧ ಕಡಿಮೆ. ಅಮ್ಮನ ಜೊತೆ ಶಿಡ್ಲಘಟ್ಟದ ಮಾರುಕಟ್ಟೆಗೆ ನಾನೂ ಹೋದೆ. ಬೇಡ ಎಂದರು, ಕೇಳಲಿಲ್ಲ. ದೊಡ್ಡ ಗೂಡು ಒಂದು ಗುಡ್ಡೆ, ಸಣ್ಣ ಗೂಡು ಒಂದು ಗುಡ್ಡೆ ಮಾಡಿ ಸುರಿದೆವು. ಅಮ್ಮನ ಗೂಡನ್ನು ವರ್ಷಗಳಿಂದ ಕೊಳ್ಳುವ ರೀಲರ್ ಸಾಹೇಬರೊಬ್ಬರು ಬಂದು, ಎರಡೂ ಗುಡ್ಡೆಗೆ ಕೈಹಾಕಿ, ಒಂದೊಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು.

"ಏನಕ್ಕಾ, ಈ ಸಲ ಅಣ್ಣ ತಮ್ಮ ಇಬ್ರೂ ಬಂದವ್ರಲ್ಲ?"

ಅಕ್ಕಪಕ್ಕದ ಗುಡ್ಡೆಯವರು ತಿರುಗಿ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡರು. "ಜ್ವರದಲ್ಲಿ ನಾನೇ ಸರಿಯಾಗಿ ನೋಡ್ಕೊಳ್ಳಿಲ್ಲ ಸಾಹೇಬ್ರೆ. ಊರಿಗ್ ಹೋಗಿದ್ದೆ."

"ಇಲ್ಲ" ಎಂದೆ. "ಅಮ್ಮ ಸರಿಯಾಗೇ ಹೇಳಿ ಹೋಗಿದ್ರು. ನಾನು ನೀರು ಊದೋ ಮಿಷನ್ ಹಾಕ್ಬಿಟ್ಟೆ, ತಿರುಗಿ ನೋಡ್ಲಿಲ್ಲ."

"ನೀನ್ ಸುಮ್ನಿರೇ."

"ಯಾಕ್ ಸುಮ್ನಿರ್ಲಿ? ನೀನು ಬಂದು ಸುಣ್ಣ ಹಾಕ್ಲಿಲ್ಲ ಅಂದಿದ್ರೆ ಇಷ್ಟೂ ಉಳೀತಿರ್ಲಿಲ್ಲ."

"ಹುಳುಮನೆ ನಂದು. ತಪ್ಪೂ ನಂದೇ."

"ಹುಳುಮನೆ ನಿಂದು. ತಪ್ಪು ನಂದು."

ಸಾಹೇಬರು ಇಬ್ಬರನ್ನೂ ನೋಡಿದರು. "ಇಷ್ಟ್ ವರ್ಷ ಇಲ್ಲಿ ಎಲ್ರೂ ನಂದಲ್ಲ ನಂದಲ್ಲ ಅನ್ನೋದು ಕೇಳಿದೀನಿ. ನಂದು ನಂದು ಅಂತ ಜಗಳ ಆಡೋದು ಇವತ್ತೇ ನೋಡಿದ್ದು." ಆಮೇಲೆ ಸಣ್ಣವುಗಳ ಗುಡ್ಡೆಯಿಂದ ಇನ್ನೊಂದು ಗೂಡು ಎತ್ತಿ ಬೆರಳಲ್ಲಿ ಒತ್ತಿ ನೋಡಿ, ನನ್ನನ್ನೇ ಕೇಳಿದರು: "ನೆನೆದ ಹುಳ ಕಟ್ಟಿದ್ದಾ ಇದು?"

"ಹೌದು."

"ಗಟ್ಟಿ ಐತೆ." ಅವರು ಅಕ್ಕಪಕ್ಕದವರಿಗೂ ಕೇಳುವಂತೆ ಹೇಳಿದರು: "ಅಕ್ಕನ ಕೈ ಕೆಟ್ಟಿಲ್ಲ ಬಿಡಿ."

ಸಣ್ಣವುಗಳ ಗುಡ್ಡೆಗೆ ಬೆಲೆ ಕಡಿಮೆಯೇ ಕೂಗಿದರು, ಅದು ನ್ಯಾಯ. ಆದರೆ ಆ ಮಾತು ಅವರ ಬಾಯಿಂದ, ಅಷ್ಟು ಜನರ ನಡುವೆ, ಬರುವ ತನಕ ನಾನು ಅಲ್ಲಿಂದ ಕದಲುತ್ತಿರಲಿಲ್ಲ. ಅಮ್ಮ ನನ್ನ ಕಡೆ ನೋಡದೆ, "ಎಲ್ಲದಕ್ಕೂ ಒಂದು ವಾದ ಇದಕ್ಕೆ" ಎಂದು ಸಾಹೇಬರಿಗೆ ದೂರು ಹೇಳಿದರು. ಹೇಳುತ್ತಾ ಎರಡೂ ಗುಡ್ಡೆಗಳನ್ನು, ಎಲ್ಲರಿಗೂ ಕಾಣುವಂತೆ, ಅಂಗೈಯಿಂದ ಹರಡಿದರು.