ಆರನೆಯ ಬೀಜ

ಇವತ್ತು ಬೆಳಿಗ್ಗೆ ಒದ್ದೆ ಗೋಣಿತಟ್ಟು ಬಿಚ್ಚಿದೆ. ಒದ್ದೆ ಗೋಣಿಯ ವಾಸನೆ ನಿಮಗೂ ಗೊತ್ತಿರಬಹುದು: ಅರ್ಧ ಮಳೆಯದು, ಅರ್ಧ ಎಮ್ಮೆಯದು. ನನ್ನ ಹೊಟ್ಟೆಪಾಡೇ ಆ ವಾಸನೆ. ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಗೋವಿನಜೋಳದ ನೂರು ಕಾಳುಗಳನ್ನು ಒದ್ದೆ ಗೋಣಿಯ ಮೇಲೆ ಸಾಲಾಗಿ ಇಟ್ಟು, ಚಾಪೆಯಂತೆ ಸುತ್ತಿ, ವಾರ ಬಿಟ್ಟು ಬಿಚ್ಚಿ, ಎಷ್ಟು ಮೊಳೆತವು ಎಂದು ಬರೆದಿಡುವುದು ನನ್ನ ಕೆಲಸ. ಇವತ್ತು ತೊಂಬತ್ತೈದು ಎದ್ದಿದ್ದವು, ನಾಲ್ಕು ಕೊಳೆತಿದ್ದವು. ಉಳಿದ ಒಂದು ಮಾತ್ರ ಅತ್ತ ಕೊಳೆಯದೆ ಇತ್ತ ಮೊಳೆಯದೆ, ಹೊಟ್ಟೆ ಉಬ್ಬಿಸಿಕೊಂಡು ಹಾಯಾಗಿ ಮಲಗಿತ್ತು. ಅದನ್ನು ನೋಡಿದ್ದೇ ನನಗೆ ಮಾಬೂ ನೆನಪಾದ. ಒಬ್ಬಳೇ ಕೂತು ನಕ್ಕೆ. ಚೀಲ ಹೊರುವ ಹಮಾಲರು ಬಾಗಿಲಲ್ಲಿ ಇಣುಕಿ ನೋಡಿ, ಏನೂ ಕೇಳದೆ ಹೋದರು. ಈ ಕೋಣೆಯಲ್ಲಿ ಬೀಜ ನೋಡಿ ನಗುವವಳು ನಾನು ಎಂಬುದು ಅವರಿಗೆ ಅಭ್ಯಾಸವಾಗಿದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ದಿನಚರಿ ಬರೆಯುವವಳು. ಯಾವ ದಿನ ಬಸ್ಸು ತಡವಾಯಿತು, ಯಾವ ದಿನ ಅವ್ವ ಸಾರಿಗೆ ಉಪ್ಪು ಮರೆತಳು, ನಮ್ಮ ಓಣಿಯ ಕುಂಟುನಾಯಿ ಎಷ್ಟು ಸಲ ಬೊಗಳದೆ ಬಿಟ್ಟಿತು, ಎಲ್ಲಕ್ಕೂ ಗೆರೆ ಹಾಕಿ ಲೆಕ್ಕ ಇಟ್ಟಿದ್ದೇನೆ. ಈ ಕತೆಯ ತಾರೀಖುಗಳೂ ನನ್ನ ಹತ್ತಿರ ಇವೆ. ಆದರೆ ಹೇಳುವುದಿಲ್ಲ. ನಾನು ತಾರೀಖು ಹೇಳತೊಡಗಿದರೆ ಮನೆಗೆ ಬಂದ ನೆಂಟರು ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಾರೆ. ನೀವಾದರೂ ಕೂತಿರಿ.

ನಮ್ಮ ಓಣಿಯ ನಸ್ರೀನ್ ಅಕ್ಕ ಕೆಲವು ವರ್ಷ ಪರ ಊರುಗಳಲ್ಲಿ ಒಂದು ತಂಡದ ಜೊತೆ ಕುಣಿದು, ಬ್ಯಾಲೆಯನ್ನೂ ಕಂಟೆಂಪರರಿ ಎಂಬ ಹೊಸ ಬಗೆಯ ನೃತ್ಯವನ್ನೂ ಕಲಿತು ಊರಿಗೆ ಮರಳಿದಳು. ಅವಳು ಕ್ಲಾಸ್ ಶುರುಮಾಡಿದಾಗ ಮೊದಲು ಸೇರಿದವರಲ್ಲಿ ನಾನೂ ಒಬ್ಬಳು.

"ಕಂಟೆಂಪರರಿ ಅಂದ್ರ ಏನವಾ?" ಎಂದು ನಮ್ಮ ಅವ್ವ ಅವಳನ್ನೇ ಕೇಳಿದ್ದಳು.

"ಹೆಸರಿಲ್ಲದ್ದನ್ನ ಮೈಯಿಂದ ಹೇಳೂದ್ರಿ, ಚಿಗವ್ವಾ."

"ಹೆಸರ ಇಲ್ಲಂದ ಮ್ಯಾಲ ಅದನ್ನ ಯಾಕ ಹೇಳಬೇಕು?" ಎಂದು ಅವ್ವ ರೊಟ್ಟಿ ತಟ್ಟಲು ಹೋದಳು. ಅಕ್ಕ ನನ್ನ ಕಡೆ ನೋಡಿ, "ನಿಮ್ಮವ್ವ ಭಾಳ ಛಲೋ ಪ್ರಶ್ನೆ ಕೇಳ್ತಾಳ, ಉತ್ತರಕ್ಕ ಮಾತ್ರ ನಿಂದ್ರೂದಿಲ್ಲ" ಎಂದಳು.

ಕ್ಲಾಸ್ ಮೊದಲು ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ, ಎರಡು ಮದುವೆಗಳ ನಡುವಿನ ಬಿಡುವಿನಲ್ಲಿ. ಅಲ್ಲಿಯ ನೆಲ ಕಲ್ಲಿನದು. ಕಲ್ಲಿನ ಮೇಲೆ ಹಾರಿ ಹಾರಿ ಇಳಿದರೆ ಮೊಣಕಾಲು ಹತ್ತು ವರ್ಷ ಮೊದಲೇ ಮುದಿಯಾಗುತ್ತವೆ ಎಂದು ಅಕ್ಕನಿಗೆ ಚಿಂತೆ. ಊರೆಲ್ಲ ಹುಡುಕಿದ ಮೇಲೆ ಅವಳಿಗೆ ಹಲಗೆ ನೆಲ ಸಿಕ್ಕಿದ್ದು ಒಂದೇ ಕಡೆ: ಶೇಖರಪ್ಪ ಸಾಹುಕಾರರ ಬೀಜದ ಅಂಗಡಿಯ ಮಾಳಿಗೆಯಲ್ಲಿ. ಹಳೆಯ ಸಾಗುವಾನಿ ಹಲಗೆ. ಅಕ್ಕ ಅದರ ಮೇಲೆ ಒಂದು ಸಲ ಮೆಲ್ಲಗೆ ಹಾರಿ ಇಳಿದು, ಕಣ್ಣು ಮುಚ್ಚಿ, "ಮಾಶಾ ಅಲ್ಲಾ" ಅಂದಳು. ಅದೇ ಹೊತ್ತಿಗೆ ಕೆಳಗೆ ಸಾಹುಕಾರರ ಚಹಾದಲ್ಲಿ ಐವತ್ತು ವರ್ಷದ ಧೂಳು ಬಿತ್ತು.

ಆದರೂ ಒಳ್ಳೆಯ ಮನುಷ್ಯ. ಮುಂಗಾರಿನ ಮಾಲು ಬರುವವರೆಗೆ ಇರಲಿ ಎಂದರು. ಚಹಾದ ಲೋಟಕ್ಕೆ ಮುಚ್ಚಳ ತಂದರು. ಆಗಾಗ ಮೇಲೆ ಬಂದು ನೋಡುತ್ತಿದ್ದರು. ಅಕ್ಕ ಕಿಟಕಿಯ ಸರಳು ಹಿಡಿಸಿ ಮೊಣಕಾಲು ಬಾಗಿಸುವ ಬ್ಯಾಲೆ ಅಭ್ಯಾಸ ಮಾಡಿಸುತ್ತಿದ್ದರೆ, ಹಮಾಲರು "ಇದು ಗರಡಿಮನಿ ಬೈಠಕ್ರೀ" ಎಂದು ತೀರ್ಪು ಕೊಟ್ಟಿದ್ದರು. ಸಾಹುಕಾರರಿಗೆ ಮಾತ್ರ, ಕಾಲ್ಬೆರಳ ತುದಿಯ ಮೇಲೆ ನಿಲ್ಲಲೆಂದು ತುದಿ ಗಟ್ಟಿ ಮಾಡಿದ ಅಕ್ಕನ ಬ್ಯಾಲೆ ಬೂಟಿನ ಮೇಲೆ ಕುತೂಹಲ. ತುದಿಯನ್ನು ಬೆರಳಿನಿಂದ ಕುಟ್ಟಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, "ಒಳಗ ಪೊಳ್ಳಿಲ್ಲ ಬಿಡ್ರಿ, ಗಟ್ಟಿ ಕಾಳ ಐತಿ" ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಬೇಸಿಗೆ ಮುಗಿಯುತ್ತ ಬಂದಾಗ ಅವರು ಅಕ್ಕನನ್ನು ಕೆಳಗೆ ಕರೆಸಿದರು.

"ನಸ್ರೀನ್, ಮಾಲ ಬರಾಕತ್ತೈತಿ. ಮಾಳಗಿ ಬೇಕು ನನಗ. ಆದರ ಒಂದ ಮಾತು. ಮೇಡ್ಲೇರಿಯಾಗ ರೈತರನ್ನ ಕೂಡಿಸಿ ಹೊಸ ಬೀಜ ತೋರಸಾವ ಅದೇನಿ. ಅಲ್ಲಿ ನನ್ನ ಬೀಜದ ಮ್ಯಾಲ ಒಂದ ಡ್ಯಾನ್ಸ್ ಮಾಡ್ರಿ. ಮಂದಿ ಒಪ್ಪಿ ಬೀಜ ತಗೊಂಡ್ರ ಮಾಳಗಿ ನಿಂದು, ಚೀಲಕ್ಕ ಬ್ಯಾರೆ ಕಡೆ ನೋಡ್ತೀನಿ. ಇಲ್ಲಂದ್ರ..." ಎಂದು ತಲೆಯ ಮೇಲಿನ ಹಲಗೆಗಳತ್ತ ಕೈ ತೋರಿಸಿದರಂತೆ. ಆ ಹೊತ್ತಿಗೆ ಮೇಲಿಂದ ಇನ್ನಷ್ಟು ಧೂಳು ಬಿತ್ತು. ನಾನು ಮೇಲೆ ಹಾರುವುದು ಕಲಿಯುತ್ತಿದ್ದೆ.

ಅಕ್ಕ ಮೂರು ದಿನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒದ್ದೆ ಗೋಣಿಯೊಳಗೆ ಮೊಳೆಯುವ ಕಾಳುಗಳನ್ನು ನೋಡುತ್ತ ಕೂತಳು. ನಾಲ್ಕನೆಯ ದಿನ ಆರು ಗೋಣಿಚೀಲ ತಂದು ನೆನೆಸಿ ಹಲಗೆಯ ಮೇಲೆ ಹಾಸಿದಳು. ಆರು ಜನ ಒಬ್ಬೊಬ್ಬರು ಒಂದೊಂದು ಚೀಲದ ಕೆಳಗೆ ಮುದುಡಿ ಮಲಗಬೇಕು. ಬಹಳ ಹೊತ್ತು ಏನೂ ಇಲ್ಲ. ಹಾಡಿಲ್ಲ, ಅಲುಗಾಟವಿಲ್ಲ. ಆಮೇಲೆ ಒಂದೊಂದಾಗಿ ಬೀಜಗಳು ಏಳಬೇಕು. ಆರನೆಯ ಬೀಜ ಎಲ್ಲಕ್ಕಿಂತ ಎತ್ತರಕ್ಕೆ ಚಿಮ್ಮಿದ ಮೇಲೆ ಆರೂ ಸೇರಿ ಗಾಳಿಗೆ ತೂಗುವ ಹೊಲವಾಗಬೇಕು. ಆರನೆಯದು ಏಳುವವರೆಗೆ ಹೊಲವಿಲ್ಲ.

ಐದನೆಯ ಬೀಜ ನಾನು. ನಾನು ಏಳುವ ರೀತಿಗೆ ಅಕ್ಕ, "ಹಾಜರಿ ಕೂಗಿದಾಗ ಎದ್ದ ನಿಂತಂಗ ಆತಲ್ಲೇ, ಮೊಳಕಿ ಹಂಗ ಬರ್ತಾವೇನ?" ಎನ್ನುತ್ತಿದ್ದಳು. ಆರನೆಯವನು ಅವಳ ತಮ್ಮ ಮಾಬೂ. ಅವನಂತೆ ಹಾರುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಅವನಂತೆ ನಿದ್ದೆ ಮಾಡುವವರು ಜಿಲ್ಲೆಯಲ್ಲೇ ಇರಲಿಲ್ಲ. ಅವನು ದಿನಾ ರೈಲಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಕೆಲಸಕ್ಕೆ ಹೋಗುತ್ತಿದ್ದ. ರಾಣೆಬೆನ್ನೂರು ಬಿಟ್ಟರೆ ಬ್ಯಾಡಗಿ, ಬ್ಯಾಡಗಿ ಬಿಟ್ಟರೆ ಹಾವೇರಿ. ಮಾಬೂ ಬ್ಯಾಡಗಿಯಲ್ಲಿ ಇಳಿದ ದಿನಗಳಿಗಿಂತ ಹಾವೇರಿಯಲ್ಲಿ ಎದ್ದ ದಿನಗಳೇ ಹೆಚ್ಚು. ಅದಕ್ಕೂ ನಾನು ಗೆರೆ ಹಾಕಿದ್ದೆ. ಯಾರು ಮೈ ಮುಟ್ಟಿ ಎಬ್ಬಿಸಿದರೂ ಅವನ ಮೊದಲ ಮಾತು ಒಂದೇ: "ಹಾವೇರಿ ಬಂತೇನ್?"

ಮೇಡ್ಲೇರಿಗೆ ಹೋದ ದಿನ ಅಕ್ಕ ದಾರಿಯುದ್ದಕ್ಕೂ, ಕುಣಿಯುವ ಮುಂಚೆ ಯಾರೂ ಹೊಟ್ಟೆ ತುಂಬ ಉಣ್ಣಬಾರದು ಎಂದು ಹೇಳಿದಳು. ಆದರೆ ಆ ಊರಿನಲ್ಲಿ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕುಣಿಸುವ ಪದ್ಧತಿ ಇಲ್ಲ. ನೀಲವ್ವ ಎಂಬ ಅಜ್ಜಿ ಬುಟ್ಟಿ ತುಂಬ ಹೋಳಿಗೆ ತಂದು ಮುಂದೆ ಕೂತಳು. ನಾವೆಲ್ಲ ಅಕ್ಕನ ಮುಖ ನೋಡಿ ಅರ್ಧರ್ಧ ತಿಂದೆವು. ಮಾಬೂ ಅಜ್ಜಿಯ ಮುಖ ನೋಡಿದ.

"ಇನ್ನೊಂದ ಹಾಕಲ್ಯಾ ಮಗನ? ನೀನ ಒಬ್ಬಾಂವ ಉಣ್ಣಾಂವ ಕಾಣ್ತೀದಿ."

"ತುಪ್ಪ ಸ್ವಲ್ಪ ಮುಂದ ಮಾಡಬೇ ಅಜ್ಜಿ."

ಆರು ಹೋಳಿಗೆ. ಎಣಿಸಿದ್ದೇನೆ.

ಹಂದರದ ಕೆಳಗೆ ತಾಡಪತ್ರಿ ಹಾಸಿ, ಹಿಂದೆ ಸಾಹುಕಾರರ ಬೀಜದ ದೊಡ್ಡ ಬ್ಯಾನರ್ ಕಟ್ಟಿದ್ದರು. ನಾವು ಚೀಲದ ಕೆಳಗೆ ಸೇರಿದೆವು. ಹೊರಗೆ ಬಿಸಿಲು, ಒಳಗೆ ಒದ್ದೆ ಗೋಣಿಯ ತಂಪು. ಚೀಲದ ತೂತಿನಿಂದ ನನಗೆ ಮುಂದಿನ ಸಾಲಿನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಯಾವಾಗ ಚಾಲೂ ಮಾಡ್ತಾರೋ?" ಎಂದು ಒಂದು ಕಾಲು ಕೇಳಿತು.

"ಚಾಲೂ ಆಗೇತ್ರಿ," ಎಂದಳು ಬದಿಯಲ್ಲಿ ನಿಂತ ಅಕ್ಕ.

"ಏನೂ ಆಗವಲ್ದಲ್ಲವಾ."

"ನೀ ಬಿತ್ತಿದ ಮ್ಯಾಲ ಹೊಲದಾಗ ನಿಂತ್ರ ಲಗೂನ ಏನರ ಆಗ್ತೈತೇನೋ?" ಎಂದು ಪಕ್ಕದ ಕಾಲು ಗದರಿತು. "ಸುಮ್ಮ ಕುಂದ್ರು."

ಎಲ್ಲ ಸುಮ್ಮನಾದರು. ಅಂಥ ಪ್ರೇಕ್ಷಕರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಏನೂ ಆಗದಿರುವುದನ್ನು ಅಷ್ಟು ಗಮನವಿಟ್ಟು ನೋಡುವುದು ಬಿತ್ತಿ ಕಾದವರಿಗೆ ಮಾತ್ರ ಬರುತ್ತದೆ. ಮೊದಲ ಬೀಜ ಎದ್ದಿತು. "ಒಂದ ಬಂತು" ಎಂದರು. ಎರಡು, ಮೂರು, ನಾಲ್ಕು. ನಾನು ಹಾಜರಿ ಕೊಟ್ಟೆ. "ಇದು ಸ್ವಲ್ಪ ಸೊಟ್ಟ ಐತಿ, ಆದರೂ ನಡೀತದ" ಎಂದು ಯಾರೋ ಅಂದರು. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪಕ್ಕದ ಆರನೆಯ ಚೀಲದಿಂದ ಸಣ್ಣ ಗೊರಕೆ ಕೇಳಿಸಿತು. ಅದನ್ನು ಹಚ್ಚಿಕೊಂಡೆ.

ಐದು ಜನ ಕೈ ಚಾಚಿ ನಿಂತೆವು. ಹೊಲವಾಗುವಂತಿಲ್ಲ, ಕೆಳಗೆ ಕೂರುವಂತಿಲ್ಲ. "ಉಠ್ ರೇ ಮಾಬೂ, ಉಠ್!" ಎಂದು ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟುತ್ತಿದ್ದಳು. ಅವಳ ಮುಖದಲ್ಲಿ ಸಾಗುವಾನಿ ಹಲಗೆಗಳು ಒಂದೊಂದಾಗಿ ಕಿತ್ತು ಹೋಗುತ್ತಿರುವುದು ನನಗೆ ಕಾಣಿಸುತ್ತಿತ್ತು.

"ಐದ ಹುಟ್ಟಿದೂ, ಒಂದ ಹುಟ್ಟಲಿಲ್ಲ."

"ಭಾಳ ಆಳಕ್ಕ ಬಿದ್ದಿರಬೇಕು."

"ಆಳ ಎಲ್ಲಿ ಬಂತೋ, ತಾಡಪತ್ರಿ ಮ್ಯಾಲ ಐತಿ. ಇರುವಿ ಒಯ್ದಿರಬೇಕು."

"ಇಷ್ಟ ದೊಡ್ಡದನ್ನ ಒಯ್ಯೂ ಇರುವಿ ನಿಮ್ಮನ್ಯಾಗ ಇರಬೇಕು ನೋಡು."

"ಸಾಹುಕಾರ್ರ, ಇದರ ಲಾಟ್ ನಂಬರ್ ಎಷ್ಟ್ರಿ?"

ಸಾಹುಕಾರರು ಬ್ಯಾನರಿನ ಕಡೆ ನೋಡಿದರು, ಚೀಲದ ಕಡೆ ನೋಡಿದರು, ಬೆವರು ಒರೆಸಿಕೊಂಡರು. "ಅದು ಬೀಜ ಅಲ್ರೀ! ಅಂವ ಮಾಬೂ!"

"ಹೆಸರ ಏನರ ಇರಲಿ, ಹುಟ್ಟಿಲ್ಲಲ್ರೀ."

ಅಷ್ಟರಲ್ಲಿ ನೀಲವ್ವಜ್ಜಿ ಎದ್ದಳು. "ಗಂಡಸರು ಬರೇ ಮಾತಾಡ್ತೀರಿ. ಹಸಿ ಸಾಲವಲ್ದು ಅದಕ್ಕ," ಎಂದು ಕುಡಿಯುವ ನೀರಿನ ಕೊಡ ಎತ್ತಿಕೊಂಡು ಬಂದು, ಚೀಲದ ಮೇಲೆ ಪೂರ್ತಿ ಸುರಿದಳು.

ನಾನು ಆಮೇಲೆ ಬೇರೆ ಬೇರೆ ತಂಡಗಳ ನೃತ್ಯ ನೋಡಿದ್ದೇನೆ. ಮಾಬೂ ಆ ದಿನ ಹಾರಿದ ಹಾಗೆ ಯಾರೂ ಹಾರಿದ್ದು ನೋಡಿಲ್ಲ. ಚೀಲ ಒಂದು ಕಡೆ, ನೀರು ಒಂದು ಕಡೆ, ನಡುವೆ ಮಾಬೂ, ನೆಲದಿಂದ ಎಷ್ಟೋ ಮೇಲೆ, ಕೈಕಾಲು ನಾಲ್ಕೂ ನಾಲ್ಕು ದಿಕ್ಕಿಗೆ. ಮೇಲಿದ್ದಾಗಲೇ ಕೂಗಿದ:

"ಹಾವೇರಿ ಬಂತೇನ್?"

"ಬಂತು ಬಂತು!" ಎಂದು ಇಡೀ ಹಂದರ ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ. ಮಾಬೂ ಕೆಳಗಿಳಿದು, ನಮ್ಮ ಚಾಚಿದ ಕೈಗಳನ್ನು ನೋಡಿ, ತಾನು ಎಲ್ಲಿದ್ದೇನೆಂದು ತಿಳಿದು, ನೀರು ತೊಟ್ಟಿಕ್ಕುತ್ತಲೇ ಗಾಳಿಗೆ ತೂಗತೊಡಗಿದ. ನಾವೂ ತೂಗಿದೆವು. ಹೊಲವಾಯಿತು.

ಶಿಳ್ಳೆ ಹೊಡೆದವರಲ್ಲಿ ಒಬ್ಬರೂ ಬೀಜ ಕೇಳಲಿಲ್ಲ. ವಾಪಸು ಬರುವಾಗ ಗಾಡಿಯಲ್ಲಿ ಸಾಹುಕಾರರು ಮುಂದೆ ಕೂತು ಒಂದೇ ಮಾತು ಹೇಳಿದರು: "ಬೀಜದಂಗಡಿಯವನ ಮುಂದ ಬೀಜ ಮಲಕೊಂತಲ್ಲವಾ." ಮಾಬೂ ಅಕ್ಕನ ಕಡೆ ನೋಡುವ ಧೈರ್ಯವಿಲ್ಲದೆ ಕಣ್ಣು ಮುಚ್ಚಿದ. ಮುಚ್ಚಿದ ಮೇಲೆ ಏನಾಯಿತು ಎಂದು ನಿಮಗೆ ಹೇಳಬೇಕಿಲ್ಲ.

ಮರುದಿನ ಬೆಳಿಗ್ಗೆ ನಾನೂ ಅಕ್ಕನೂ ಮಾಳಿಗೆ ಖಾಲಿ ಮಾಡಲು ಹೋದೆವು. ಅಕ್ಕ ಬ್ಯಾಲೆ ಬೂಟುಗಳನ್ನು ಹಳೆಯ ದುಪಟ್ಟಾದಲ್ಲಿ ಸುತ್ತಿಕೊಂಡಳು. ಹಲಗೆಯ ಮೇಲೆ ಬರಿಗಾಲಲ್ಲಿ ಒಂದು ಸುತ್ತು ನಡೆದಳು. ಗಂಟು ಹೊತ್ತು ಅರ್ಧ ಮೆಟ್ಟಿಲು ಇಳಿದಿದ್ದೆವು. ಕೆಳಗೆ ಅಂಗಡಿಯ ತುಂಬ ಮೇಡ್ಲೇರಿಯವರು.

"ನಿನ್ನೆ ತೋರಿಸಿದ್ರಲ್ಲ, ಆ ಬೀಜ ಕೊಡ್ರಿ."

"ಯಾವುದು?" ಎಂದರು ಸಾಹುಕಾರರು, ಅನುಮಾನದಿಂದ.

"ಅದ ರೀ, ತಡಾ ಮಾಡಿ ಹುಟ್ಟಿದ್ದು. ಎಲ್ಲಾ ಕಂಪನಿಯವರೂ ಬಂದು ನಮ್ಮವು ನೂರಕ್ಕ ನೂರು ಹುಟ್ಟತಾವು ಅಂತಾರ. ಅದು ಸುಳ್ಳಂತ ನಮಗ ಗೊತ್ತಿಲ್ಲೇನ? ಒಂದ ಹುಟ್ಟೂದಿಲ್ಲ, ಅದಕ್ಕ ನೀರ ಬೇಕು, ತಡಾ ಆದರೂ ಎದ್ರ ಜೋರ ಏಳ್ತೈತಿ ಅಂತ ಖರೇ ತೋರಿಸಿದಾವ್ರು ನೀವ ಒಬ್ರು."

ಶೇಖರಪ್ಪ ಸಾಹುಕಾರರು ಟೊಪ್ಪಿಗೆ ಸರಿಮಾಡಿಕೊಂಡು, "ಮತ್ತ? ಅದನ್ನ ನಾನ ಹಾಕಿಸಿದ್ದು," ಎಂದರು. ಎಂದವರೇ ಮೆಟ್ಟಿಲ ಮೇಲಿದ್ದ ನಮ್ಮನ್ನು ನೋಡಿದರು. ಗಂಟನ್ನೂ ನೋಡಿದರು. "ಏನ್ ಇಳಸಾಕತ್ತೀರಿ? ಮ್ಯಾಲ ಒಯ್ರಿ ಅದನ್ನ. ಇಲ್ಲಿ ಇಡಾಕ ಜಾಗಾ ಇಲ್ಲ."

ಅಕ್ಕ ತಿರುಗಿ ಮೆಟ್ಟಿಲು ಹತ್ತಿದಳು. ಮೇಲೆ ಹೋಗಿ ಎಂಥ ಹಾರು ಹಾರಿದಳೋ ನಾನು ನೋಡಲಿಲ್ಲ. ಕೆಳಗೆ ಮೇಡ್ಲೇರಿಯವರ ತಲೆಯ ಮೇಲೆಲ್ಲ ಧೂಳು ಬಿದ್ದಿತು.

ಆಮೇಲೆ ಅಗಡಿ ಊರಿನವರು ಕರೆದರು, ಕದರಮಂಡಲಗಿಯವರು ಕರೆದರು. ಎಲ್ಲರಿಗೂ ಬೇಕಾದದ್ದು ನಿದ್ದೆ ಮಾಡುವ ಬೀಜ. ಅಕ್ಕ ನಿದ್ದೆಯನ್ನೂ ನೃತ್ಯದಲ್ಲಿ ಸೇರಿಸಿದಳು. ಆದರೆ ಮಲಗು ಎಂದರೆ ಮಾಬೂಗೆ ನಿದ್ದೆಯೇ ಬರದು! ಅಗಡಿಯಲ್ಲಿ ಅವನು ಚೀಲದ ಕೆಳಗೆ ಕಣ್ಣು ಬಿಟ್ಟುಕೊಂಡು ಸುಳ್ಳು ಗೊರಕೆ ಹೊಡೆದ. ಮುಂದೆ ಕೂತಿದ್ದ ಒಬ್ಬ ಅಜ್ಜ ಎರಡು ನಿಮಿಷ ಕೇಳಿ, "ಇದು ಖೊಟ್ಟಿ ಮಾಲು" ಎಂದು ಎದ್ದು ಹೋದ. ಅಂದಿನಿಂದ ಅಕ್ಕ ಅವನಿಗೆ ಕುಣಿಯುವ ಮುಂಚೆ ಹೊಟ್ಟೆ ತುಂಬ ಹೋಳಿಗೆ ಹಾಕಿಸುತ್ತಾಳೆ. ನನ್ನನ್ನು ಸಾಹುಕಾರರು, "ಈ ಹುಡುಗಿಗೆ ಕುಣಿಯಾಕ ಬರೂದಿಲ್ಲ, ಎಣಸಾಕ ಛಲೋ ಬರ್ತೈತಿ" ಎಂದು ಹಿಂದಿನ ಕೋಣೆಗೆ ಕರೆದುಕೊಂಡರು. ಎರಡೂ ಖರೇ.

ಇವತ್ತಿನ ಕಾಳಿನ ವಿಷಯಕ್ಕೆ ಬರುತ್ತೇನೆ. ನಿಯಮದಂತೆ ವಾರದ ಕೊನೆಗೆ ಏಳದ್ದನ್ನು ಏಳಲಿಲ್ಲ ಎಂದು ಬರೆಯಬೇಕು. ಬರೆದೆ. ಲೆಕ್ಕದಲ್ಲಿ ನಾನು ಸುಳ್ಳು ಹೇಳುವವಳಲ್ಲ. ಹಿಂದೆಲ್ಲ ಬರೆದ ಮೇಲೆ ಉಳಿದ ಕಾಳನ್ನು ಕಸಕ್ಕೆ ಹಾಕುತ್ತಿದ್ದೆ. ಇವತ್ತು ಅದನ್ನು ಎತ್ತಿ, ಕಿವಿ ಮುರಿದ ಚಹಾ ಕಪ್ಪಿನಲ್ಲಿ ಮಣ್ಣು ಹಾಕಿ, ಕಿಟಕಿಯಲ್ಲಿಟ್ಟೆ. ಮೇಲೆ ಅಕ್ಕನ ಸಂಜೆಯ ಕ್ಲಾಸ್ ಶುರುವಾಗಿದೆ. ಹಲಗೆ ಧಡಧಡ ಅನ್ನುತ್ತಿದೆ, ನನ್ನ ಚಹಾದಲ್ಲಿ ಧೂಳು ಬೀಳುತ್ತಿದೆ. ಮುಚ್ಚಳ ಹುಡುಕುವುದು ಬಿಟ್ಟು ಕಿಟಕಿಯ ಕಪ್ಪಿಗೆ ಅಂಗೈಯಷ್ಟು ನೀರು ಚಿಮುಕಿಸಿ, ಹಮಾಲರು ಇಣುಕುತ್ತಿಲ್ಲ ತಾನೆ ಎಂದು ನೋಡಿ, ಮೆಲ್ಲಗೆ ಅಂದೆ:

"ಏಳೋ. ಹಾವೇರಿ ಬಂತು."