ಬರಾಬರಿ ಮಡೆಪ್ಪನ ಮೊದಲ ಗೆಲುವು

ನಮ್ಮ ಜಿಲ್ಲೆಯ ಸೋಲಿಲ್ಲದ ಪೈಲ್ವಾನ ಯಾರು ಎಂದು ಬೀದರಿನಲ್ಲಿ ಕೇಳಿ, ಔರಾದಿನಲ್ಲಿ ಕೇಳಿ, ಬರುವ ಹೆಸರು ಒಂದೇ: ಬಗದಲ್ ಮಡೆಪ್ಪ. ಹೇಳಿದವರು ಆಮೇಲೆ ನಗುತ್ತಾರೆ. ಯಾಕೆಂದರೆ ಮಡೆಪ್ಪ ಗೆದ್ದವನೂ ಅಲ್ಲ. ಅವನು ಹಿಡಿದ ಕುಸ್ತಿಗಳೆಲ್ಲ ಬರಾಬರಿ. ಎದುರಿಗೆ ಆನೆಯಂಥವನು ಬರಲಿ, ಕಡ್ಡಿಯಂಥವನು ಬರಲಿ, ಕೊನೆಗೆ ಪಂಚರು ಇಬ್ಬರ ಕೈಯನ್ನೂ ಎತ್ತಿ ಮನೆಗೆ ಕಳಿಸಬೇಕು. ನಾನು ನಾಗಸೇನ, ಹೊಟ್ಟೆಪಾಡಿಗೆ ಶಾಲೆ ಮಾಸ್ತರ, ಚಟಕ್ಕೆ ಕುಸ್ತಿ ಕಣದ ಮೈಕಿನವನು. ಏನೂ ನಡೆಯದ ಕುಸ್ತಿಯನ್ನು ಗಂಟಲು ಹರಿಯುವಂತೆ ಬಣ್ಣಿಸುವ ಕರ್ಮ ನನ್ನದು. ಮಡೆಪ್ಪನ ಮೇಲೆ ನನಗಿದ್ದ ಸಿಟ್ಟು ಅವನ ಎದುರಾಳಿಗಳಿಗೂ ಇರಲಿಕ್ಕಿಲ್ಲ.

ಅವನ ವಿದ್ಯೆ ಒಂದೇ. ತೊಡೆ ತಟ್ಟುವುದು, ಕೈ ಕೂಡಿಸುವುದು, ಎದುರಾಳಿ ಮೈಮೇಲೆ ಬರುತ್ತಲೇ ಬೋರಲು ಬೀಳುವುದು. ಬೆನ್ನು ನೆಲಕ್ಕೆ ತಾಗಿದರೆ ಸೋಲು. ಹೊಟ್ಟೆ ಎಷ್ಟು ಹೊತ್ತು ತಾಗಿದರೂ ಕೇಳುವವರಿಲ್ಲ. ಕೆಮ್ಮಣ್ಣಿಗೆ ಉಡದ ಹಾಗೆ ಕಚ್ಚಿಕೊಂಡು ಮಲಗಿದನೆಂದರೆ ಅವನನ್ನು ಮಗುಚುವ ಗಂಡಸು ಈ ಮೂರು ತಾಲೂಕುಗಳಲ್ಲಿ ಇರಲಿಲ್ಲ.

ಹೀಗೆ ಮಲಗಿಯೇ ಅವನು ವಿವಾದಗಳನ್ನೂ ಸಂಪಾದಿಸಿದ. ಔರಾದಿನಲ್ಲಿ ಉದಗೀರ ಕಡೆಯ ಪೈಲ್ವಾನನೊಬ್ಬ ಇವನನ್ನು ಮಗುಚಿ ಮಗುಚಿ ಸೋತು, ಇವನ ಬೆನ್ನ ಮೇಲೆಯೇ ಕುಳಿತು ಚಹಾ ತರಿಸಿ ಕುಡಿದ. ಯಾರೋ ಅದರ ವಿಡಿಯೊ ಮಾಡಿ ಹರಿಬಿಟ್ಟರು. ಕುಸ್ತಿಯ ನಡುವೆ ಚಹಾ ಕುಡಿದವನು ಗೆದ್ದಂತೋ ಕಣ ಬಿಟ್ಟಂತೋ ಎಂದು ಜನ ಒಂದು ತಿಂಗಳು ಬಡಿದಾಡಿದರು. ಬೀದರಿನಲ್ಲಿ ಇನ್ನೊಂದು ತಕರಾರು, ಅದೂ ಮಲಗುವ ಮೊದಲೇ. ತಲೆಗೆ ತಲೆ ಕೊಟ್ಟು ನಿಂತ ಜೋಡಿ ಅಲ್ಲಾಡುತ್ತಲೇ ಇಲ್ಲವಲ್ಲ ಎಂದು ಪಂಚ ಮುಜೀಬೋದ್ದೀನರು ಬಗ್ಗಿ ಕಿವಿಗೊಟ್ಟರೆ, ಇಬ್ಬರೂ ಕುರಿಯ ಕಾಲುಬೇನೆಯ ಬಗ್ಗೆ ಮಾತಾಡುತ್ತಿದ್ದರು. ಇದು ನೂರಾ ಕುಸ್ತಿ, ಮೊದಲೇ ಮಾತಾಡಿಕೊಂಡು ಹಿಡಿದದ್ದು ಎಂದು ಜನ ಚಪ್ಪಲಿ ತೂರಿದರು. ಎದುರಾಳಿ ಮಾನವಂತ. ಮರುದಿನ ಆ ಕುಂಟು ಕುರಿಯನ್ನೇ ಸಾಕ್ಷಿಗೆಂದು ಟೆಂಪೊದಲ್ಲಿ ಹೇರಿಕೊಂಡು ಬಂದ. ಹುಟ್ಟು ಕುರಿಗಾರನಾದ ಮಡೆಪ್ಪ ಪಂಚರ ಎದುರಿಗೇ ಅದರ ಗೊರಸು ತೊಳೆದು ಔಷಧಿ ಹಚ್ಚಿದ. ಕುರಿ ನಾಲ್ಕು ಹೆಜ್ಜೆ ನೆಟ್ಟಗೆ ನಡೆದ ಮೇಲೆ ಆ ಕುಸ್ತಿಯನ್ನೂ ಬರಾಬರಿ ಎಂದು ಬರೆದುಕೊಂಡರು.

ನಾವೆಲ್ಲ ನಕ್ಕು ಮನೆಗೆ ಹೋಗುತ್ತಿದ್ದೆವು. ನಗಲಾರದವಳು ಅವನ ಹೆಂಡತಿ ಪುತಳಾಬಾಯಿ.

ಮಡೆಪ್ಪ ಕಲಿತದ್ದು ಬೀದರಿನ ಹಳೇ ಊರಿನ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಖಾಸಿಂ ಅಲಿ ಉಸ್ತಾದರ ಕೈಯಲ್ಲಿ. ಮೀಸೆ ಮೂಡುವ ವಯಸ್ಸಿನಲ್ಲಿ ಉಸ್ತಾದರು ಅವನಿಂದ ಆಣೆ ಮಾಡಿಸಿಕೊಂಡರು. ಮೊದಲ ಗೆಲುವು ಸಿಗುವತನಕ ರಾತ್ರಿ ತಾಲೀಮಿನಲ್ಲೇ ಮಲಗಬೇಕು, ಹೆಣ್ಣಿನ ಮೈ ಮುಟ್ಟಬಾರದು. ಇಂಥ ಗಟ್ಟಿ ಹುಡುಗ ನಾಳೆಯೇ ಗೆಲ್ಲುತ್ತಾನೆ ಎಂದು ಮನೆಯವರು ಧೈರ್ಯವಾಗಿ ಮೆಹಕರದ ಹೆಣ್ಣು ತಂದು ಮದುವೆ ಮಾಡಿದರು. ಗೆಲುವು ಬರಲಿಲ್ಲ. ಉಸ್ತಾದರು ಮಾತ್ರ ಮಳೆಗಾಲದ ಜ್ವರಕ್ಕೆ ತೀರಿಕೊಂಡರು, ಆಣೆಯನ್ನು ಹಾಗೇ ಬಿಟ್ಟು.

ಅಲ್ಲಿಂದ ವರ್ಷಗಟ್ಟಲೆ ಆ ಮನೆಯ ಸಂಸಾರ ಹೀಗೆ: ಬೆಳಗಿನ ಬಸ್ಸಿಗೆ ಗಂಡ ಬಗದಲ್‌ಗೆ ಬರುತ್ತಾನೆ, ಕುರಿ ಮೇಯಿಸುತ್ತಾನೆ, ಅವಳು ಬಡಿದ ರೊಟ್ಟಿ ತಿನ್ನುತ್ತಾನೆ, ಅವಳು ದೀಪ ಹಚ್ಚುವ ಹೊತ್ತಿಗೆ ಬೀದರಿನ ಬಸ್ಸು ಹತ್ತುತ್ತಾನೆ. ಬಾವಿಕಟ್ಟೆಯ ಹೆಂಗಸರು ಅವಳ ಹೊಟ್ಟೆಯ ಕಡೆ ನೋಡಿ ಏನೇನೋ ಕೇಳುತ್ತಿದ್ದರು. ಅವಳು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಇದನ್ನು ಕೇಳಿದಾಗ ನನಗೆ ಮಡೆಪ್ಪನ ಕೆನ್ನೆಗೆ ಬಾರಿಸಬೇಕು ಅನಿಸಿದ್ದು ಸುಳ್ಳಲ್ಲ.

ಅವಳೇನೂ ಸುಮ್ಮನೆ ಕೂತವಳಲ್ಲ. ಉಸ್ತಾದರ ಹೆಂಡತಿ ಖತೀಜಾ ಬೇಗಂ ಹತ್ತಿರ ಹೋಗಿ ಆಣೆ ಬಿಡಿಸಿಕೊಡಿ ಎಂದು ಸೆರಗೊಡ್ಡಿದಳು. ಮುದುಕಿ ಅಡಕೆ ಕತ್ತರಿಸುತ್ತಾ ಹೇಳಿದರಂತೆ, “ಜಿಂದಾ ಇದ್ದಾಗೇ ಅವರು ತಮ್ಮ ಮಾತು ವಾಪಸ್ ತಗೊಂಡವರಲ್ಲ ಬೇಟಿ. ಈಗ ಯಾರನ್ನ ಕಳಸ್ಲಿ ಕೇಳಾಕ?” ಹಾಗಾದರೆ ಯಾರ ಮೇಲೆ ಗೆಲ್ಲಬೇಕು ಎಂದು ಹೇಳಿದ್ದರೇ ಎಂದು ಪುತಳಾಬಾಯಿ ಕೇಳಿದಳು. ಹೆಸರು ಹೇಳಿರಲಿಲ್ಲ. ಗೆಲ್ಲಬೇಕು, ಅಷ್ಟೇ.

ಅವಳ ತಮ್ಮ ಹಣಮಂತ, ಅಕ್ಕನ ಸಲುವಾಗಿ ತಾನೇ ಕಣಕ್ಕಿಳಿದು ಬೀಳುತ್ತೇನೆ ಎಂದ. ಮಡೆಪ್ಪ ತಟ್ಟೆ ಬಿಟ್ಟು ಎದ್ದ. ನೂರಾ ಕುಸ್ತಿ ಹಿಡಿದವನು ತಾಲೀಮಿನ ಹೊಸ್ತಿಲು ತುಳಿಯಬಾರದು ಎಂಬುದೂ ಉಸ್ತಾದರ ಮಾತೇ. ಒಮ್ಮೆ ನಾನೇ ರೇಗಿ ಕೇಳಿದೆ, ಮಲಗುವ ಬದಲು ಎದ್ದು ಒಂದು ಪಟ್ಟು ಹಾಕಬಾರದೇ ಎಂದು. ಅವನು ಅಂಗೈಯಿಂದ ನೆಲ ತಟ್ಟಿ ಹೇಳಿದ.

“ಏಳಬೇಕಂದ್ರ ನೆಲ ಬಿಡಬೇಕಾಗ್ತದರಿ ಸರ್. ಬಿಟ್ಟು ಬಿದ್ದೆ ಅಂದ್ರ ಉಸ್ತಾದರ ಹೆಸರು ಬೀಳ್ತದ.”

ಇಷ್ಟು ದೊಡ್ಡ ದೇಹದೊಳಗೆ ಅಷ್ಟು ಭಯ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಹೋದ ವರ್ಷ ತೊಗರಿ ಸುಗ್ಗಿ ಮುಗಿದ ಮೇಲೆ ಭಾಲ್ಕಿಯ ಅಡತಿ ವ್ಯಾಪಾರಿಗಳು ಕುಸ್ತಿ ಇಟ್ಟರು. ನಮ್ಮ ಕಡೆ ಪದ್ಧತಿ ಏನೆಂದರೆ, ಪೈಲ್ವಾನ ಕೈ ಎತ್ತಿಕೊಂಡು ಕಣ ಸುತ್ತುತ್ತಾನೆ. ಆ ಅಂಗೈಗೆ ಯಾರು ಅಂಗೈ ಬಡಿದರೋ ಅವರ ಜೊತೆ ಜೋಡಿ ಬಿದ್ದಂತೆ. ಬಡಿದ ಮೇಲೆ ಹಿಂದೆ ಸರಿದವನು ಸೋತಂತೆ. ಮಡೆಪ್ಪ ಸುತ್ತಿದ. ತರುಣ ಪೈಲ್ವಾನರೆಲ್ಲ ಕೈ ಹಿಂದೆ ಕಟ್ಟಿಕೊಂಡು ನಿಂತರು. ಮಧ್ಯಾಹ್ನವೆಲ್ಲ ಇವನ ಬೆನ್ನ ಮೇಲೆ ಕೂಡಲು ಯಾರಿಗೆ ಪುರಸೊತ್ತು? ನಾನು ಮೈಕಿನಲ್ಲಿ ಕರೆದೆ, ಚುಚ್ಚಿದೆ, ಬೇಡಿಕೊಂಡೆ. ಯಾರೂ ಬರಲಿಲ್ಲ. ಮಡೆಪ್ಪನ ಎತ್ತಿದ ಕೈ ಮೆಲ್ಲಗೆ ಇಳಿಯತೊಡಗಿತು.

ಹೆಂಗಸರು ಕೂತಿದ್ದ ಟ್ರ್ಯಾಕ್ಟರ್ ಟ್ರಾಲಿಯಿಂದ ಪುತಳಾಬಾಯಿ ಕೆಳಗಿಳಿದದ್ದು ಆಗ. ಕಚ್ಚೆ ಬಿಗಿದುಕೊಂಡು ಕಣದೊಳಗೆ ಬಂದು, ಗಂಡನ ಅಂಗೈಗೆ ಚಟ್ಟನೆ ಬಡಿದಳು.

ವ್ಯಾಪಾರಿಗಳು ಎದ್ದು ನಿಂತರು. ಹೆಣ್ಣುಮಗಳು ಕಣ ತುಳಿಯುವುದೆಂದರೇನು ಎಂದು ಕೂಗಾಡಿದರು. ಪಂಚ ಮುಜೀಬೋದ್ದೀನರು ಗಡ್ಡ ನೀವಿಕೊಂಡು, ಅಂಗೈ ಬಡಿದವರ ಜೊತೆ ಹಿಡಿಯಬೇಕೆಂಬುದಷ್ಟೇ ತಮಗೆ ಗೊತ್ತಿರುವ ಕಾಯಿದೆ, ಮಡೆಪ್ಪ ಹಿಂದೆ ಸರಿದರೆ ಸೋತನೆಂದು ಸೀಟಿ ಊದುತ್ತೇನೆ ಎಂದರು. ಮಡೆಪ್ಪನ ಮುಖ ಬಿಳುಪೇರಿತು. ಹಿಡಿದರೆ ಆಣೆ ಮುರಿಯುತ್ತದೆ, ಹಿಡಿಯದಿದ್ದರೆ ಉಸ್ತಾದರ ಹೆಸರು ಬೀಳುತ್ತದೆ. ಅವನು ಎಂದಿನಂತೆ ಬೋರಲು ಮಲಗಿದ.

ಅವಳಿಗೆ ಬೇಕಾದದ್ದೂ ಅದೇ. ಕುರಿಯ ಉಣ್ಣೆ ಕತ್ತರಿಸುವಾಗ ಟಗರನ್ನು ಮಗುಚಿ ಅಭ್ಯಾಸವಿದ್ದ ಹೆಣ್ಣು. ಬೆನ್ನೇರಿ ಕೂತು, ಒಂದು ಕೈಯಲ್ಲಿ ಹಿಂಗಾಲು, ಇನ್ನೊಂದರಲ್ಲಿ ಕಿವಿ ಹಿಡಿದು ತಿರುವಿದಳು. ಅವನ ಎಡ ಭುಜ ಮೇಲೆದ್ದಿತು. ಯಾವ ಪೈಲ್ವಾನನಿಂದಲೂ ಆಗದ್ದು! ನಾನು ಮೈಕು ಹಿಡಿದು ಹತ್ತಿರ ಓಡಿದೆ. ಹಾಗಾಗಿ ಅವಳು ಗಂಡನ ಕಿವಿಯಲ್ಲಿ ಹೇಳಿದ್ದು ಇಡೀ ಭಾಲ್ಕಿಗೆ ಕೇಳಿಸಿತು.

“ಇವತ್ತೂ ಬರಾಬರಿ ಆತಂದ್ರ ನಾ ಇಲ್ಲಿಂದನೇ ಮೆಹಕರಕ್ಕ ಹೋಗ್ತೇನಿ. ಮತ್ತ ಬರಾಂಗಿಲ್ಲರಿ.”

ಮಡೆಪ್ಪ ಕಣ್ಣು ಮುಚ್ಚಿದ. ಆಮೇಲೆ, ಜನ್ಮದಲ್ಲಿ ಮೊದಲ ಸಲ, ಅವನ ಹೊಟ್ಟೆ ನೆಲ ಬಿಟ್ಟಿತು. ಹೆಂಡತಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಎದ್ದ. ಅವಳು ಬಿಡಲಿಲ್ಲ; ಕೂದಲು ಜಗ್ಗಿದಳು, ಮೊಣಕಾಲಿನಿಂದ ಗುದ್ದಿದಳು. ಅವನು ಸುತ್ತಿ ತಿರುಗಿ, ಅವಳ ಸೊಂಟ ಹಿಡಿದು, ಆಗತಾನೇ ಹುಟ್ಟಿದ ಕುರಿಮರಿಯನ್ನು ಇಳಿಸುವ ಹಾಗೆ ಮಣ್ಣಿನ ಮೇಲೆ ಅಂಗಾತ ಇಳಿಸಿದ. ತಾಳಿ ಕಟ್ಟುವಾಗ ಕೊರಳಿಗೆ ಬೆರಳು ತಾಗಿದ್ದು ಬಿಟ್ಟರೆ ಅವನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಅದೂ ನಾಲ್ಕೂರಿನ ಜನರ ಎದುರಿಗೆ.

ಸೀಟಿ ಊದುವ ಮೊದಲು ಮುಜೀಬೋದ್ದೀನರು ನಿಷ್ಠುರವಾಗಿ ಕೇಳಿದರು, ಬೇಕೆಂದೇ ಬಿದ್ದೆಯೇನಮ್ಮ ಎಂದು.

“ಬೇಕಂತ ಬೀಳಾಕ ಇಷ್ಟ ವರ್ಷ ಕಾಯಬೇಕಿತ್ತೇನರಿ?” ಎಂದು ಮುಷ್ಟಿ ಬಿಚ್ಚಿ ತೋರಿಸಿದಳು. ಅದರ ತುಂಬ ಮಡೆಪ್ಪನ ಕೂದಲಿತ್ತು.

ಪಂಚರು ಸೀಟಿ ಊದಿದರು. ಗೆದ್ದವರ ಹೆಸರು ಕೂಗಬೇಕಾದ ನಾನು ಮೈಕು ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟುತ್ತಿದ್ದೆ. ಮೈಕು ಕೆಟ್ಟಿದೆ ಎಂದುಕೊಂಡು ಜನರೇ ಕೂಗಿದರು. ಹೊಸಬರ ಜೊತೆ ಹಿಡಿದ ಕುಸ್ತಿಗೆ ತೆಂಗಿನಕಾಯಿಯೇ ಬಹುಮಾನ ಎಂದು ವ್ಯಾಪಾರಿಗಳು ಗೆದ್ದವರಿಗೆಂದು ತಂದಿದ್ದ ಬೆಳ್ಳಿ ಕಡಗವನ್ನು ಒಳಗಿಟ್ಟು ಒಂದು ಕಾಯಿ ಕೊಟ್ಟರು. ಮಡೆಪ್ಪ ಅದನ್ನು ಹೆಂಡತಿಯ ಉಡಿಗೆ ಹಾಕಿದ. ಇಬ್ಬರೂ ಬೀದರಿಗೆ ಹೋಗಿ ತಾಲೀಮಿನಿಂದ ಹಾಸಿಗೆ ಸುತ್ತಿಕೊಂಡು ಬಗದಲ್ ಬಸ್ಸು ಹತ್ತಿದರಂತೆ. ಗೆದ್ದವನ ತಲೆಯ ಮೇಲೆ ಹಾಸಿಗೆ. ಸೋತವಳು ಮುಂದೆ ಮುಂದೆ.

ಅದೂ ನೂರಾ ಕುಸ್ತಿಯೇ ಎಂದು ವಾದಿಸುವವರು ಈಗಲೂ ಇದ್ದಾರೆ, ಇರಲಿ. ಮರುದಿನ ಬಿಸಿಲೇರಿದರೂ ಮಡೆಪ್ಪನ ಕುರಿದೊಡ್ಡಿಯ ಬಾಗಿಲು ತೆರೆಯಲಿಲ್ಲ. ಕುರಿಗಳು ಒಂದೇ ಸಮನೆ ಅರಚಿದವು. ಊರಿಗೆಲ್ಲ ಕೇಳಿಸಿತು, ಬಾವಿಕಟ್ಟೆಯ ಹೆಂಗಸರಿಗೂ ಕೇಳಿಸಿತು. ಯಾರೂ ಹೋಗಿ ಮನೆಯ ಕದ ಬಡಿಯಲಿಲ್ಲ.